ನಡುವೆ ಕೂತವರ ಕಿವಿ

(ದೂರವಾಣಿ ಇಲಾಖೆಯಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರೊಬ್ಬರು ದಾವಣಗೆರೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಹಿರಿಯರ ಮುಂದೆ ಮಾಡಿದ ಭಾಷಣದ ಬರಹ ರೂಪ.)

ನಾನು ಕೆಲಸಕ್ಕೆ ಸೇರಿದ್ದು ಟ್ರಂಕ್ ಬೋರ್ಡಿಗೆ. ಮುಂದಿನ ಸಾಲಿನಲ್ಲಿ ಕೂತಿರುವ ಮಕ್ಕಳಿಗೆ ಅದೇನು ಅಂತ ಗೊತ್ತಿರಲಿಕ್ಕಿಲ್ಲ. ಹಿಂದೆ ಕೂತಿರುವ ಹಿರಿಯರಿಗೆ ಚೆನ್ನಾಗಿ ಗೊತ್ತು. ಆಗ ದಾವಣಗೆರೆಯಿಂದ ಬೆಂಗಳೂರಿಗೆ ಮಾತಾಡಬೇಕು ಅಂದರೆ ಮೊದಲು ಕಾಲ್ ಬುಕ್ ಮಾಡಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ್ಜೆಗಳಿದ್ದವು. ಬುಕ್ ಮಾಡಿ ಫೋನಿನ ಪಕ್ಕ ಕಾಯುತ್ತಾ ಕೂರಬೇಕು. ನಮ್ಮ ಮುಂದೆ ಒಂದು ಬೋರ್ಡು, ಅದರ ತುಂಬ ತೂತುಗಳು. ತಲೆಗೆ ಹೆಡ್‌ಸೆಟ್, ಕೈಯಲ್ಲಿ ಕಾರ್ಡು, ಅಂದರೆ ತುದಿಯಲ್ಲಿ ಪಿನ್ ಇರುವ ವೈರು. ಈ ಕಡೆಯ ತೂತಿಗೊಂದು, ಆ ಕಡೆಯ ತೂತಿಗೊಂದು ಚುಚ್ಚಿದರೆ ಇಬ್ಬರೂ ಸೇರಿದರು. ಮೂರು ನಿಮಿಷ ಮುಗಿದಾಗ "ತ್ರೀ ಮಿನಿಟ್ಸ್ ಓವರ್, ಮುಂದುವರಿಸ್ತೀರಾ?" ಅಂತ ನಾವು ಕೇಳಬೇಕು. ಹಾಗೆ ಕೇಳಬೇಕಾದರೆ ನಡುವೆ ಇರಲೇಬೇಕು, ಅಲ್ವಾ? ಒಂದು ಕೀ ಸರಿಸಿದರೆ ಸಾಕು, ಎರಡೂ ಕಡೆಯ ಮಾತು ನಮ್ಮ ಕಿವಿಗೆ ಬೀಳುತ್ತಿತ್ತು.

ನನ್ನ ಮೊದಲ ಪೋಸ್ಟಿಂಗ್ ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಬೇಡ. ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಒಬ್ಬರ ಮಗಳಿಗೆ ಟಿ.ಬಿ. ಬಂದಿತ್ತು. ಬೆಂಗಳೂರಿನ ಡಾಕ್ಟರ ಹತ್ತಿರ ಅವರು ಟ್ರಂಕ್ ಕಾಲ್‌ನಲ್ಲಿ ಮಾತಾಡಿದರು. ಮಾತ್ರೆ, ಎಕ್ಸ್‌ರೇ, ಇನ್ನೆಷ್ಟು ತಿಂಗಳು, ಇಷ್ಟೇ ಮಾತು. ಆವತ್ತು ಬೋರ್ಡಿನಲ್ಲಿ ಕೂತಿದ್ದವರು ಮನೆಗೆ ಹೋಗಿ ಹೇಳಿದರು. ಕೆಟ್ಟ ಮನಸ್ಸೇನೂ ಇರಲಿಲ್ಲ. "ಪಾಪ, ಆ ಹುಡುಗಿಗೆ ಹಿಂಗಾಗೈತಂತೆ" ಅಂತ ಮರುಕದಿಂದಲೇ ಹೇಳಿದ್ದು. ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಮಾತಾಗಿದ್ದ ಸಂಬಂಧ ಮುರಿಯಿತು. ಆ ತಂದೆ ಒಂದು ದಿನ ಕೌಂಟರಿಗೆ ಬಂದು ನನ್ನನ್ನೇ ಕೇಳಿದರು. "ಯವ್ವಾ, ನಾನು ಡಾಕ್ಟ್ರ ಹತ್ರ ಆಡಿದ ಮಾತು ಊರಿಗೆ ಹೆಂಗೆ ಹೋತು?" ನನಗೆ ಉತ್ತರ ಗೊತ್ತಿತ್ತು. ಹೇಳಲಿಲ್ಲ. ನನಗೆ ಆಗ 21 ವರ್ಷ, ಕೆಲಸ ಹೊಸದು, ಭಯ.

ಕೇಳಿದ್ದನ್ನು ಹೊರಗೆ ಹೇಳಬಾರದು ಅಂತ ನಿಯಮ ಇರಲಿಲ್ವಾ ಅಂದರೆ, ಇತ್ತು. 1885ರ ಟೆಲಿಗ್ರಾಫ್ ಕಾಯ್ದೆಯಲ್ಲೇ ಅದಕ್ಕೆ ಶಿಕ್ಷೆ ಇತ್ತು. ಆದರೆ ಆ ಕಾಯ್ದೆ ಆ ಹುಡುಗಿಯ ಗುಟ್ಟನ್ನು ಉಳಿಸಲಿಲ್ಲ. ನಡುವೆ ಕೂತವರು ಒಳ್ಳೆಯವರಾಗಿರುವವರೆಗೆ ಮಾತ್ರ ನಮ್ಮ ಗುಟ್ಟು ಗುಟ್ಟು ಅನ್ನುವ ಏರ್ಪಾಡೇ ತಪ್ಪು. ನಡುವೆ ಯಾರೇ ಕೂತಿರಲಿ, ಅವರಿಗೆ ಕೇಳಿಸಲೇಬಾರದು, ಹಾಗೆ ಜಾಲವನ್ನು ಕಟ್ಟಬೇಕು. ಇದನ್ನು ಹೇಳಲಿಕ್ಕೇ ನಾನು ಇವತ್ತು ಬಂದದ್ದು. ಹಾಗೆ ಕಟ್ಟಲು ಬರುತ್ತದೆ, ಎಷ್ಟೋ ಮಟ್ಟಿಗೆ ಕಟ್ಟಿಯೂ ಆಗಿದೆ.

ಇದರಲ್ಲಿ ಮೊದಲ ಹೆಜ್ಜೆ ಇಟ್ಟವನು ಇಂಜಿನಿಯರ್ ಅಲ್ಲ. ಆಲ್ಮನ್ ಸ್ಟ್ರೋಜರ್ ಅಂತ ಅಮೆರಿಕದವನು. ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವುದು ಅವನ ವ್ಯಾಪಾರ. ಅವನ ಊರಿನ ಎಕ್ಸ್‌ಚೇಂಜಿನಲ್ಲಿ, ಅಂದರೆ ಕರೆಗಳನ್ನು ಜೋಡಿಸುವ ಕೇಂದ್ರದಲ್ಲಿ, ಇದ್ದ ಆಪರೇಟರು ಅವನಿಗೆ ಬರುವ ಕರೆಗಳನ್ನು ಅವನ ಎದುರಾಳಿಗೆ ತಿರುಗಿಸುತ್ತಿದ್ದಳು, ಆಕೆ ಆ ಎದುರಾಳಿಯ ಹೆಂಡತಿಯೇ ಆಗಿದ್ದಳು ಅಂತ ಕಥೆ ಹೇಳುತ್ತಾರೆ. ಸಿಟ್ಟಿಗೆದ್ದ ಸ್ಟ್ರೋಜರ್ ಆಪರೇಟರೇ ಬೇಡದ ಎಕ್ಸ್‌ಚೇಂಜನ್ನು ಕಂಡುಹಿಡಿದ. 1891ರಲ್ಲಿ ಪೇಟೆಂಟ್ ಸಿಕ್ಕಿತು. ನೀವು ನಂಬರ್ ತಿರುಗಿಸುತ್ತೀರಿ, ಯಂತ್ರ ಜೋಡಿಸುತ್ತದೆ. ನಮ್ಮ ಎಕ್ಸ್‌ಚೇಂಜುಗಳಲ್ಲೂ ಬಹಳ ಕಾಲ ಅದೇ ಸ್ಟ್ರೋಜರ್ ಯಂತ್ರ ಟಕಟಕ ಸದ್ದು ಮಾಡುತ್ತಿತ್ತು. ದೇಶದಲ್ಲಿ ಎಸ್‌ಟಿಡಿ, ಅಂದರೆ ಆಪರೇಟರಿಲ್ಲದೆ ಬೇರೆ ಊರಿಗೆ ನೇರವಾಗಿ ನಂಬರ್ ತಿರುಗಿಸುವುದು, ಶುರುವಾದದ್ದು 1960ರಲ್ಲಿ, ಕಾನ್ಪುರ ಮತ್ತು ಲಕ್ನೋ ನಡುವೆ. ಹಳ್ಳಿಗಳಿಗೆ ಅಂತಲೇ ಕೇಂದ್ರ ಸರ್ಕಾರದ ದೂರವಾಣಿ ಸಂಶೋಧನಾ ಸಂಸ್ಥೆ ಸಿ-ಡಾಟ್ ಮಾಡಿದ 128 ಲೈನಿನ ಸಣ್ಣ ಎಕ್ಸ್‌ಚೇಂಜು ಮೊದಲು ಬಂದದ್ದು ನಮ್ಮ ಕಿತ್ತೂರಿಗೆ, 1986ರಲ್ಲಿ. ಕಿತ್ತೂರಿನ ಹೆಸರು ಬಂದಾಗಲೆಲ್ಲ ನನಗೆ ಅದೂ ನೆನಪಾಗುತ್ತದೆ. ಟ್ರಂಕ್ ಬೋರ್ಡು ಹೋಯಿತು ಅಂತ ನನ್ನ ಎಷ್ಟೋ ಗೆಳತಿಯರಿಗೆ ಬೇಜಾರಾಯಿತು. ನನಗೆ ಆ ಅಂಗಡಿಯವರ ಮುಖ ಕಣ್ಣ ಮುಂದೆ ಬಂತು. ಇನ್ನು ಮುಂದೆ ಆ ಮಾತು ಹೀಗೆ ಹೊರಗೆ ಹೋಗುವುದಿಲ್ಲವಲ್ಲ ಅಂತ ಸಮಾಧಾನವಾಯಿತು.

ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು. ಬಸ್ ಸ್ಟ್ಯಾಂಡ್ ಹತ್ತಿರ, ಆಸ್ಪತ್ರೆಗಳ ಎದುರು, ಪಿ.ಬಿ. ರೋಡಿನ ಉದ್ದಕ್ಕೂ. ಬೂತ್ ನೆನಪಿದೆಯಲ್ಲ? ಗಾಜಿನ ಡಬ್ಬಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಮಾತು ಹೊರಗೆ ಕೇಳುವುದಿಲ್ಲ. ಮಾತು ಮುಗಿಸಿ ಬಂದರೆ ಟೇಬಲ್ ಮೇಲಿನ ಸಣ್ಣ ಮಿಷಿನ್ನು ಕರ್ರ್ ಅಂತ ಬಿಲ್ ಹರಿದು ಕೊಡುತ್ತಿತ್ತು. ಅದರಲ್ಲಿ ಯಾವ ನಂಬರು, ಎಷ್ಟು ಗಂಟೆಗೆ, ಎಷ್ಟು ಹೊತ್ತು ಎಲ್ಲ ಇರುತ್ತಿತ್ತು. ಮಾತಿಗೆ ಗಾಜಿನ ಬಾಗಿಲಿತ್ತು, ನಂಬರಿಗೆ ಇರಲಿಲ್ಲ.

ಈ ಬಿಲ್ಲನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ. ಇಂಟರ್ನೆಟ್ಟಿನಲ್ಲೂ ಇದೇ ಎರಡು ಇವೆ. ಒಂದು ಮಾತು. ಇನ್ನೊಂದು ಮಾತಿನ ಲೆಕ್ಕ, ಇದಕ್ಕೆ ಮೆಟಾಡೇಟಾ ಅಂತಾರೆ. ಲೆಕ್ಕ ತಾನೇ, ಹೋದರೆ ಹೋಗಲಿ ಅನ್ನಿಸಬಹುದು. ಹೀಗೆ ಯೋಚಿಸಿ. ಒಬ್ಬ ಹೆಂಗಸು ಬೆಳಿಗ್ಗೆ ಹತ್ತಕ್ಕೆ ಒಂದು ಲ್ಯಾಬಿನಿಂದ ಬಂದ ಕರೆ ಎತ್ತುತ್ತಾಳೆ. ಹತ್ತು ನಿಮಿಷದ ಮೇಲೆ ಕ್ಯಾನ್ಸರ್ ಆಸ್ಪತ್ರೆಗೆ ಕರೆ ಮಾಡುತ್ತಾಳೆ. ಮಧ್ಯಾಹ್ನ ವಿಮೆ ಕಂಪನಿಗೆ. ರಾತ್ರಿ ಹನ್ನೊಂದಕ್ಕೆ ತನ್ನ ಅಕ್ಕನ ಜೊತೆ ಒಂದೂವರೆ ಗಂಟೆ. ಒಂದೇ ಒಂದು ಮಾತೂ ನಿಮ್ಮ ಕಿವಿಗೆ ಬಿದ್ದಿಲ್ಲ. ಆದರೂ ಎಲ್ಲ ಗೊತ್ತಾಯಿತು, ಅಲ್ವಾ?

ಈಗ ಮೊಬೈಲಿಗೆ ಬರೋಣ. ನಿಮ್ಮ ಸಿಮ್ಮಿನೊಳಗೆ ಐಎಂಎಸ್‌ಐ ಅಂತ 15 ಅಂಕಿಯ ಒಂದು ನಂಬರಿದೆ. ಸಾಮಾನ್ಯವಾಗಿ ನಮ್ಮ ದೇಶದ್ದು 404 ಅಥವಾ 405ರಿಂದ ಶುರುವಾಗುತ್ತದೆ. ಟವರಿಗೆ ನೀವು ಗೊತ್ತಾಗುವುದು ಆ ನಂಬರಿನಿಂದ. ಹಳೆಯ 2ಜಿಯಲ್ಲಿ ಒಂದು ದೊಡ್ಡ ಲೋಪ ಇತ್ತು. ಫೋನು ತಾನು ಯಾರು ಅಂತ ಟವರಿಗೆ ಸಾಬೀತು ಮಾಡಬೇಕು, ಆದರೆ ಟವರು ತಾನು ಅಸಲಿ ಟವರು ಅಂತ ಫೋನಿಗೆ ಸಾಬೀತು ಮಾಡಬೇಕಿರಲಿಲ್ಲ. ಹಾಗಾಗಿ ಯಾರಾದರೂ ಒಂದು ನಕಲಿ ಟವರಿನ ಪೆಟ್ಟಿಗೆ ಇಟ್ಟುಕೊಂಡು ಕೂತರೆ ಸುತ್ತಲಿನ ಫೋನುಗಳು ನಂಬಿ ತಮ್ಮ ನಂಬರ್ ಹೇಳಿಬಿಡುತ್ತಿದ್ದವು. 3ಜಿಯಿಂದ ಟವರೂ ತನ್ನನ್ನು ಸಾಬೀತು ಮಾಡಬೇಕಾಯಿತು. 5ಜಿಯ ಹೊಸ ಪದ್ಧತಿಯಲ್ಲಿ ಆ 15 ಅಂಕಿಯಲ್ಲಿ ನಿಮ್ಮನ್ನು ಗುರುತಿಸುವ ಭಾಗಕ್ಕೇ ಬೀಗ ಹಾಕಿ ಕಳಿಸುವ ಏರ್ಪಾಡಿದೆ. ಬೀಗ ತೆಗೆಯುವುದು ನಿಮ್ಮ ಕಂಪನಿಗೆ ಮಾತ್ರ ಸಾಧ್ಯ. ಈಗಿನ ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ 2ಜಿಯನ್ನು ಬಂದ್ ಮಾಡುವ ಸ್ವಿಚ್ಚೂ ಇದೆ. ನಿಮ್ಮ ಊರಿನಲ್ಲಿ 4ಜಿ ಚೆನ್ನಾಗಿ ಸಿಗುತ್ತಿದ್ದರೆ ಅದನ್ನು ಬಂದ್ ಮಾಡಿ.

ಎಕ್ಸ್‌ಚೇಂಜುಗಳು ತಮ್ಮತಮ್ಮಲ್ಲಿ ಮಾತಾಡುವ ಒಂದು ಭಾಷೆ ಇದೆ. ನಾವು ಸಿಸಿಎಸ್ 7 ಅನ್ನುತ್ತಿದ್ದೆವು, ಹೊರಗೆ ಎಸ್‌ಎಸ್ 7 ಅಂತಾರೆ. ಅದನ್ನು ಮಾಡಿದ ಕಾಲದಲ್ಲಿ ದೂರವಾಣಿ ಅಂದರೆ ಕೆಲವೇ ದೊಡ್ಡ ಇಲಾಖೆಗಳು, ಎಲ್ಲರೂ ಪರಿಚಯದವರು. ಆದ್ದರಿಂದ ಒಳಗೆ ಬಂದವರನ್ನೆಲ್ಲ ಅದು ನಂಬುತ್ತಿತ್ತು. 2014ರಲ್ಲಿ ಜರ್ಮನಿಯ ಸಂಶೋಧಕರು ಇದೇ ಭಾಷೆಯಿಂದ ದೂರದಲ್ಲಿರುವವರ ಫೋನ್ ಎಲ್ಲಿದೆ ಅಂತ ಪತ್ತೆ ಮಾಡಬಹುದು, ಮೆಸೇಜ್ ತಿರುಗಿಸಬಹುದು ಅಂತ ತೋರಿಸಿದರು. 2017ರಲ್ಲಿ ಅದೇ ಜರ್ಮನಿಯಲ್ಲಿ ಕಳ್ಳರು ಹೀಗೆ ಬ್ಯಾಂಕಿನ ಎಸ್‌ಎಂಎಸ್ ಕೋಡುಗಳನ್ನು ತಿರುಗಿಸಿಕೊಂಡು ಜನರ ಖಾತೆಯಿಂದ ದುಡ್ಡು ಹೊಡೆದರು. ಇಪ್ಪತ್ತು ವರ್ಷ ನಾನು ನಂಬಿ ಕೆಲಸ ಮಾಡಿದ ವ್ಯವಸ್ಥೆ ಅದು. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಅಲ್ಲೂ ಅದೇ ತಪ್ಪು. ನಡುವಿನವರೆಲ್ಲ ಒಳ್ಳೆಯವರು ಅಂದುಕೊಂಡು ಕಟ್ಟಿದ್ದರು.

ಹಾಗಾದರೆ ನಡುವಿನವರನ್ನು ನಂಬದೆ ಮಾತಾಡುವುದು ಹೇಗೆ? ನಿಮ್ಮ ಮಗಳು ಧಾರವಾಡದಲ್ಲಿ ಓದುತ್ತಿದ್ದಾಳೆ ಅಂದುಕೊಳ್ಳಿ. ಬಸ್ಸಿನಲ್ಲಿ ಒಂದು ಪೆಟ್ಟಿಗೆ ಕಳಿಸಬೇಕು, ದಾರಿಯಲ್ಲಿ ಯಾರೂ ತೆಗೆಯಬಾರದು. ನೀವು ಬೀಗ ಹಾಕಿ ಕಳಿಸಿದರೆ ಅವಳ ಹತ್ತಿರ ಕೀಲಿಕೈ ಇಲ್ಲ. ಕೀಲಿಕೈಯನ್ನೂ ಅದೇ ಬಸ್ಸಿಗೆ ಕೊಟ್ಟರೆ ಬೀಗ ಹಾಕಿ ಏನು ಪ್ರಯೋಜನ? ಸಾವಿರಾರು ವರ್ಷ ಗುಪ್ತ ಬರಹದವರೆಲ್ಲ ಒದ್ದಾಡಿದ್ದು ಇಲ್ಲೇ. ಕೀಲಿಕೈ ತಲುಪಿಸುವುದು ಹೇಗೆ? 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಅನ್ನುವ ಇಬ್ಬರು ದಾರಿ ತೋರಿಸಿದರು. ಅದರ ಹಿಂದಿನ ಗಣಿತ ಬೇರೆ, ನಿಮಗೆ ಉಪಾಯ ಮಾತ್ರ ಹೇಳುತ್ತೇನೆ. ಮಗಳು ತನ್ನ ಬೀಗವನ್ನು ತೆರೆದ ಹಾಗೇ ನಿಮಗೆ ಕಳಿಸುತ್ತಾಳೆ, ಕೀಲಿಕೈ ಅವಳ ಹತ್ತಿರವೇ ಇರುತ್ತದೆ. ಬೀಗವನ್ನು ಯಾರು ಬೇಕಾದರೂ ನೋಡಲಿ. ನೀವು ಪೆಟ್ಟಿಗೆಗೆ ಆ ಬೀಗ ಒತ್ತಿ ಹಾಕಿ ಕಳಿಸುತ್ತೀರಿ. ಹಾಕಿದ ಮೇಲೆ ನಿಮ್ಮಿಂದಲೂ ತೆಗೆಯಲು ಆಗುವುದಿಲ್ಲ. ಅವಳೊಬ್ಬಳೇ ತೆಗೆಯುತ್ತಾಳೆ.

ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮಡಚಿಟ್ಟು ಸುಮ್ನೆ ಕೂತುಬಿಟ್ಟೆ. ಕೀಲಿಕೈ ದಾರಿಗೆ ಇಳಿಯಲೇ ಇಲ್ಲವಲ್ಲ! ಬಸ್ಸಿನ ಕಂಡಕ್ಟರ್ ಎಷ್ಟೇ ಕುತೂಹಲದವನಾಗಿದ್ದರೂ ಏನೂ ಮಾಡಲಾರ.

ನಿಮ್ಮ ಬ್ರೌಸರಿನಲ್ಲಿ ತಾಣದ ವಿಳಾಸದ ಮೊದಲಿಗೆ ಬರುವ ಎಚ್‌ಟಿಟಿಪಿಎಸ್ ಇದೇ ಉಪಾಯ. ಮೊದಲು ಬ್ಯಾಂಕುಗಳಂಥವು ಮಾತ್ರ ಅದನ್ನು ಬಳಸುತ್ತಿದ್ದವು, ಬೀಗ ಈ ತಾಣದ್ದೇ ಅಂತ ಹೇಳುವ ಸರ್ಟಿಫಿಕೇಟಿಗೆ ದುಡ್ಡು ಕೊಡಬೇಕಿತ್ತು. 2013ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಗೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳಿಂದ ಅಮೆರಿಕದ ಸರ್ಕಾರ ಎಷ್ಟು ಜನರ ಸಂಪರ್ಕವನ್ನು ಸೋಸುತ್ತಿದೆ ಅಂತ ಜಗತ್ತಿಗೆ ತಿಳಿಯಿತು. 2015ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಸರ್ಟಿಫಿಕೇಟುಗಳನ್ನು ಪುಕ್ಕಟೆ ಕೊಡಲು ಶುರು ಮಾಡಿತು. ಈಗ ನೀವು ತೆರೆಯುವ ಹೆಚ್ಚಿನ ತಾಣಗಳು ಬೀಗ ಹಾಕಿದವೇ. ಹೋಟೆಲಿನ ವೈಫೈಯಲ್ಲಿ ಪಕ್ಕದ ಟೇಬಲ್ಲಿನವರು ನಿಮ್ಮ ಪಾಸ್‌ವರ್ಡ್ ಕದಿಯುವುದು ಮೊದಲಿನಷ್ಟು ಸುಲಭವಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಬೀಗ ಇದೆ ಅಂದರೆ ದಾರಿ ಭದ್ರ ಅಂತ ಅಷ್ಟೇ. ಆ ಕಡೆ ಕೂತವರು ಸಾಚಾ ಅಂತ ಅರ್ಥವಲ್ಲ. ಮೋಸದ ತಾಣಕ್ಕೂ ಬೀಗ ಇರುತ್ತದೆ.

ವಾಟ್ಸಾಪು 2016ರ ಏಪ್ರಿಲ್‌ನಲ್ಲಿ ತನ್ನ ಎಲ್ಲ ಬಳಕೆದಾರರಿಗೂ ಈ ಬೀಗ ಹಾಕಿತು. ಬೀಗದ ವಿನ್ಯಾಸ ಸಿಗ್ನಲ್ ಅನ್ನುವ ಇನ್ನೊಂದು ಮೆಸೇಜ್ ಆ್ಯಪ್ ಮಾಡಿದವರದು. ನೂರು ಕೋಟಿಗೂ ಜಾಸ್ತಿ ಜನ ಒಂದು ಬಟನ್ನೂ ಒತ್ತದೆ ಗುಪ್ತ ಮಾತುಕತೆಗೆ ಬಂದುಬಿಟ್ಟರು. ನನ್ನ ಮಟ್ಟಿಗೆ ಜನಸಾಮಾನ್ಯರ ಗುಟ್ಟಿಗೆ ಸಿಕ್ಕ ದೊಡ್ಡ ಕಾಣಿಕೆ ಅದು. ಆ ಅಂಗಡಿಯವರು ಇವತ್ತು ಡಾಕ್ಟರಿಗೆ ವಾಟ್ಸಾಪಿನಲ್ಲಿ ಬರೆದಿದ್ದರೆ ನಡುವಿನ ಯಾರೂ ಓದುವಂತಿರಲಿಲ್ಲ. ಆದರೆ ಎರಡು ಮಾತು. ಬ್ಯಾಕಪ್‌ಗೆ, ಅಂದರೆ ಬೇರೆ ಕಡೆ ಉಳಿಸಿಡುವ ಚಾಟ್‌ಗಳ ನಕಲಿಗೆ, ಬೀಗ ತಾನಾಗಿ ಬೀಳುವುದಿಲ್ಲ. 2021ರಿಂದ ಆ ಸೌಲಭ್ಯ ಇದೆ, ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಆನ್ ಮಾಡಬೇಕು. ಎರಡನೆಯದು ಎಸ್‌ಟಿಡಿ ಬಿಲ್ಲು. ಯಾರು ಯಾರಿಗೆ, ಎಷ್ಟು ಹೊತ್ತಿಗೆ ಅನ್ನುವ ಲೆಕ್ಕಕ್ಕೆ ಈ ಬೀಗ ಇಲ್ಲ.

ಲೆಕ್ಕವನ್ನೂ ಇಟ್ಟುಕೊಳ್ಳದಿರಲು ಸಾಧ್ಯವೇ? ಸಾಧ್ಯ. 2016ರಲ್ಲಿ ಅಮೆರಿಕದ ಒಂದು ತನಿಖೆಯಲ್ಲಿ ಸಿಗ್ನಲ್‌ನವರಿಗೆ ನೋಟಿಸ್ ಬಂತು, ಈ ಬಳಕೆದಾರರ ಮಾಹಿತಿ ಕೊಡಿ ಅಂತ. ಅವರು ಕಾನೂನಿಗೆ ತಲೆಬಾಗಿ ತಮ್ಮಲ್ಲಿ ಇದ್ದದ್ದನ್ನೆಲ್ಲ ಕೊಟ್ಟರು. ಇದ್ದದ್ದು ಎರಡೇ: ಖಾತೆ ತೆರೆದದ್ದು ಯಾವಾಗ, ಕೊನೆಯ ಸಲ ಜಾಲಕ್ಕೆ ಬಂದದ್ದು ಯಾವಾಗ. ಸ್ನೇಹಿತರ ಪಟ್ಟಿ ಇಲ್ಲ, ಮೆಸೇಜ್ ಇಲ್ಲ, ಗುಂಪುಗಳ ಹೆಸರಿಲ್ಲ. ನಾನು ಆ 21ನೇ ವಯಸ್ಸಿನಲ್ಲಿ ಹೀಗಿರಬೇಕಿತ್ತು ಅನ್ನಿಸುತ್ತದೆ. ನನಗೇ ಗೊತ್ತಿಲ್ಲದಿದ್ದರೆ ನನ್ನಿಂದ ಏನು ಹೊರಬೀಳುತ್ತಿತ್ತು?

ಇನ್ನು ಈರುಳ್ಳಿಯ ವಿಷಯ. ಪಕ್ಕದ ಚಿತ್ರದುರ್ಗ ಜಿಲ್ಲೆಯ ರೈತರು ಬೆಳೆಯುವ ಈರುಳ್ಳಿಯನ್ನು ನಾವೆಲ್ಲ ತಿಂದವರೇ. ಇಂಟರ್ನೆಟ್ಟಿನಲ್ಲೂ ಒಂದು ಈರುಳ್ಳಿ ಇದೆ, ಟಾರ್ ಅಂತ. 1981ರಲ್ಲಿ ಡೇವಿಡ್ ಚಾಮ್ ಅನ್ನುವವರು ಮೂಲ ಯೋಚನೆ ಕೊಟ್ಟರು. 90ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಈ ಈರುಳ್ಳಿ ರೂಪ ಬಂತು. ನೀವು ಬರೆದ ಪತ್ರವನ್ನು ಒಂದು ಕವರಿನಲ್ಲಿ ಹಾಕಿ, ಅದನ್ನು ಇನ್ನೊಂದು ಕವರಿನಲ್ಲಿ, ಅದನ್ನು ಮತ್ತೊಂದರಲ್ಲಿ ಹಾಕುತ್ತೀರಿ. ಹೊರಗಿನ ಕವರಿನ ಮೇಲೆ ಹರಿಹರದ ಗೆಳೆಯನ ವಿಳಾಸ. ಅವನು ಅದನ್ನು ಬಿಡಿಸಿದರೆ ಒಳಗೆ ರಾಣೆಬೆನ್ನೂರಿನ ವಿಳಾಸ. ಅಲ್ಲಿ ಬಿಡಿಸಿದರೆ ಹಾವೇರಿ. ಹಾವೇರಿಯವನು ಬಿಡಿಸಿ ಅಸಲಿ ವಿಳಾಸಕ್ಕೆ ಮುಟ್ಟಿಸುತ್ತಾನೆ. ಹರಿಹರದವನಿಗೆ ನೀವು ಗೊತ್ತು, ಪತ್ರ ಎಲ್ಲಿಗೆ ಹೋಗುತ್ತದೆ ಗೊತ್ತಿಲ್ಲ. ಹಾವೇರಿಯವನಿಗೆ ಎಲ್ಲಿಗೆ ಅಂತ ಗೊತ್ತು, ಯಾರಿಂದ ಅಂತ ಗೊತ್ತಿಲ್ಲ. ಎಸ್‌ಟಿಡಿ ಬಿಲ್ಲನ್ನು ಮೂರು ತುಂಡು ಮಾಡಿ ಮೂವರ ಕೈಗೆ ಕೊಟ್ಟ ಹಾಗೆ.

ನೌಕಾಪಡೆಯವರು ಇದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಯಾಕೆ ಗೊತ್ತಾ? ಅವರಷ್ಟೇ ಬಳಸಿದರೆ, ಈ ಜಾಲದಿಂದ ಬಂದವರೆಲ್ಲ ನೌಕಾಪಡೆಯವರು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. ದುಗ್ಗಮ್ಮನ ಜಾತ್ರೆಯಲ್ಲಿ ಒಬ್ಬರು ಕಳೆದುಹೋಗಬೇಕಾದರೆ ಜಾತ್ರೆಗೆ ಊರೆಲ್ಲ ಬರಬೇಕು. ಮುಚ್ಚಿಡುವಂಥದ್ದು ಏನೂ ಇಲ್ಲದವರೂ ಬೀಗ ಹಾಕಿಕೊಳ್ಳಬೇಕು ಅಂತ ನಾನು ಹೇಳುವುದು ಇದಕ್ಕೇ. ನೀವು ಹಾಕಿಕೊಂಡ ಬೀಗ ನಿಮಗೆ ಗೊತ್ತೇ ಇಲ್ಲದ ಒಬ್ಬ ಹೆಣ್ಣುಮಗಳಿಗೆ, ಗಂಡನ ಹೊಡೆತದಿಂದ ತಪ್ಪಿಸಿಕೊಳ್ಳಲು ಸಹಾಯ ಹುಡುಕುತ್ತಿರುವವಳಿಗೆ, ಮರೆಯಾಗುತ್ತದೆ. ಟಾರ್‌ಗೂ ಮಿತಿ ಇದೆ. ಎರಡೂ ತುದಿಯನ್ನು ಒಟ್ಟಿಗೆ ನೋಡುವಷ್ಟು ಶಕ್ತಿ ಇದ್ದವರು ಸಮಯ ಹೊಂದಿಸಿ ಪತ್ತೆ ಮಾಡಬಹುದು. ವೇಗವೂ ಕಡಿಮೆ.

ವಿಪಿಎನ್, ಅಂದರೆ ನಮ್ಮ ಇಂಟರ್ನೆಟ್ ಸಂಪರ್ಕವನ್ನು ಬೀಗ ಹಾಕಿ ಬೇರೊಂದು ಕಂಪನಿಯ ಮೂಲಕ ಕಳಿಸುವ ಸೇವೆ, ಅದರ ಬಗ್ಗೆ ಮೊದಲೇ ಒಬ್ಬರು ಚೀಟಿ ಕಳಿಸಿದ್ದಾರೆ. ಚಿಕ್ಕದಾಗಿ ಹೇಳುತ್ತೇನೆ. ಅದು ಒಬ್ಬ ನಡುವಿನವರನ್ನು ಬಿಟ್ಟು ಇನ್ನೊಬ್ಬ ನಡುವಿನವರ ಹತ್ತಿರ ಹೋಗುವುದು. ಇಂಟರ್ನೆಟ್ ಕಂಪನಿಗೆ ಕಾಣುತ್ತಿದ್ದದ್ದು ಈಗ ವಿಪಿಎನ್ ಕಂಪನಿಗೆ ಕಾಣುತ್ತದೆ. ಪುಕ್ಕಟೆ ಕೊಡುವವರು ಯಾಕೆ ಕೊಡುತ್ತಿದ್ದಾರೆ ಅಂತ ಕೇಳಿಕೊಳ್ಳಿ. 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ಆದೇಶದಲ್ಲಿ ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು ಅಂತ ಇದೆ. ಕೆಲವು ಕಂಪನಿಗಳು ಅದನ್ನು ಒಪ್ಪದೆ ಇಲ್ಲಿನ ಸರ್ವರ್‌ಗಳನ್ನೇ ತೆಗೆದವು.

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೇಳಿದ್ದಾರೆ, "ಕಳ್ಳರಿಗೂ ಇದೇ ಬೀಗ ಸಿಗುತ್ತಲ್ಲ ತಾಯಿ, ಪೊಲೀಸರು ಏನು ಮಾಡಬೇಕು?" ಇದು ನ್ಯಾಯವಾದ ಪ್ರಶ್ನೆ. ಮಗು ಕಳೆದುಕೊಂಡ ಮನೆಯವರ ಮುಂದೆ ನಿಂತು ಬೀಗವೇ ಮುಖ್ಯ ಅನ್ನಲು ನನಗೂ ಬಾಯಿ ಬರುವುದಿಲ್ಲ. ಪೊಲೀಸರಿಗೆ ದಾರಿಗಳಿವೆ. ಕರೆಯ ಲೆಕ್ಕ ಸಿಗುತ್ತದೆ, ಟವರ್ ಸಿಗುತ್ತದೆ, ಕಾನೂನಿನ ಪ್ರಕಾರ ಫೋನನ್ನೇ ವಶಪಡಿಸಿಕೊಳ್ಳಬಹುದು. ಕದ್ದಾಲಿಕೆಗೂ ಕ್ರಮ ಇದೆ. 1988ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಫೋನ್ ಕದ್ದಾಲಿಕೆಯ ವಿವಾದದಲ್ಲಿ ರಾಜೀನಾಮೆ ಕೊಟ್ಟದ್ದು ನಿಮಗೆಲ್ಲ ನೆನಪಿರಬೇಕು. ಸುಪ್ರೀಂ ಕೋರ್ಟು 1996ರಲ್ಲಿ ಇದಕ್ಕೆ ನಿಯಮ ಹಾಕಿತು. ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆದೇಶ ಎರಡು ತಿಂಗಳಿಗೆ ಮಾತ್ರ, ವಿಸ್ತರಿಸಿದರೂ ಆರು ತಿಂಗಳು ದಾಟಬಾರದು, ಪರಿಶೀಲನಾ ಸಮಿತಿ ಇರಬೇಕು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, 80 ದಾಟಿದ ವಯಸ್ಸಿನಲ್ಲಿ. ಅವರನ್ನು ನೆನೆದರೆ ನನಗೆ ಬಹಳ ಹೆಮ್ಮೆ.

ಆದರೆ ಪೊಲೀಸರಿಗೆ ಅಂತ ಜಾಲದೊಳಗೇ ಒಂದು ಗುಪ್ತ ಬಾಗಿಲು ಇಡಿ ಅಂದರೆ ನಾನು ಒಪ್ಪುವುದಿಲ್ಲ. ಎಕ್ಸ್‌ಚೇಂಜಿನ ಒಳಗೆ ಇದ್ದವಳಾಗಿ ಹೇಳುತ್ತಿದ್ದೇನೆ. ಗ್ರೀಸ್ ದೇಶದಲ್ಲಿ 2004-05ರಲ್ಲಿ ಒಂದು ಮೊಬೈಲ್ ಕಂಪನಿಯ ಎಕ್ಸ್‌ಚೇಂಜಿನಲ್ಲಿ ಕಾನೂನುಬದ್ಧ ಕದ್ದಾಲಿಕೆಗೆ ಅಂತ ಇದ್ದ ಸಾಫ್ಟ್‌ವೇರನ್ನೇ ಯಾರೋ ಗುಟ್ಟಾಗಿ ಬಳಸಿಕೊಂಡರು. ಸುಮಾರು ನೂರು ಜನರ ಫೋನ್ ಕೇಳಿಸಿಕೊಂಡರು, ಅದರಲ್ಲಿ ದೇಶದ ಪ್ರಧಾನಿಯ ಫೋನೂ ಇತ್ತು. 2024ರಲ್ಲಿ ಅಮೆರಿಕದ ದೊಡ್ಡ ಟೆಲಿಫೋನ್ ಕಂಪನಿಗಳ ಒಳಗೆ ಹೊರಗಿನ ಹ್ಯಾಕರ್‌ಗಳು ನುಗ್ಗಿದ್ದು ಬಯಲಾಯಿತು. ಕೊನೆಗೆ ಅಲ್ಲಿನ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯೇ ದೊಡ್ಡ ಹುದ್ದೆಯವರಿಗೆ ಹೇಳಿತು, ತುದಿಯಿಂದ ತುದಿಗೆ ಬೀಗ ಇರುವ ಆ್ಯಪ್‌ಗಳಲ್ಲೇ ಮಾತಾಡಿ ಅಂತ. ಬಾಗಿಲಿಗೆ ಬಂದವರು ಪೊಲೀಸರೋ ಕಳ್ಳರೋ ಅಂತ ಬಾಗಿಲಿಗೆ ಗೊತ್ತಾಗುವುದಿಲ್ಲ.

ಮಗಳ ಬೀಗದ ಉದಾಹರಣೆಯಲ್ಲಿ ನಾನೊಂದು ಮಾತು ಬಾಕಿ ಇಟ್ಟಿದ್ದೆ. ಬಸ್ಸಿನವನು ಮಗಳ ಬೀಗವನ್ನು ತಾನಿಟ್ಟುಕೊಂಡು, ತನ್ನದೇ ಬೀಗವನ್ನು ನಿಮಗೆ ಕೊಟ್ಟರೆ? ಪೆಟ್ಟಿಗೆಯನ್ನು ಅವನು ತೆಗೆದು ನೋಡಿ, ಮಗಳ ಬೀಗ ಹಾಕಿ ಮುಂದೆ ಕಳಿಸಬಹುದು. ಇಬ್ಬರಿಗೂ ಗೊತ್ತಾಗುವುದಿಲ್ಲ. ಇದಕ್ಕೆ ಒಂದೇ ಮದ್ದು, ಬೀಗ ಅವಳದೇ ಅಂತ ನೀವು ಬೇರೆ ದಾರಿಯಲ್ಲಿ ಖಚಿತ ಮಾಡಿಕೊಳ್ಳುವುದು. ಕಳೆದ ತಿಂಗಳು ಚಿತ್ರದುರ್ಗದಿಂದ ನನ್ನ ತಂಗಿ ಬಂದಿದ್ದಾಗ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ಇದನ್ನು ಮಾಡಿದೆವು. ಇಬ್ಬರ ಬೀಗಗಳ ಗುರುತಾಗಿ ವಾಟ್ಸಾಪು ತೋರಿಸುವ ಅಂಕಿಗಳಲ್ಲಿ ಅವಳು ಐದು ಓದಿದಳು, ನಾನು ಮುಂದಿನ ಐದು. ಟ್ರಂಕ್ ಬೋರ್ಡಿನಲ್ಲಿ ನಂಬರ್ ಹೇಳುತ್ತಿದ್ದ ಹಾಗೇ.

ಇಲ್ಲೇ ಮಾಡೋಣ. ಎಲ್ಲರೂ ಫೋನ್ ತೆಗೆಯಿರಿ. ಇಲ್ಲಿ ಕೂತಿರುವವರಲ್ಲಿ ನೀವು ವಾಟ್ಸಾಪ್ ಮಾಡುವವರು ಯಾರಾದರೂ ಇದ್ದರೆ ಅವರ ಪಕ್ಕಕ್ಕೆ ಹೋಗಿ ಕೂತುಕೊಳ್ಳಿ. ಅವರ ಚಾಟ್ ತೆರೆಯಿರಿ, ಮೇಲೆ ಹೆಸರು ಒತ್ತಿ, ಕೆಳಗೆ ಎನ್‌ಕ್ರಿಪ್ಷನ್ ಅಂತ ಇದೆ, ಅದನ್ನು ಒತ್ತಿ. ಐದೈದರ ಹನ್ನೆರಡು ಗುಂಪು, ಒಟ್ಟು 60 ಅಂಕಿ ಕಾಣುತ್ತಿದೆಯಾ? ಕನ್ನಡಕ ಬೇಕಾದವರು ಹಾಕಿಕೊಳ್ಳಿ, ಅವಸರ ಇಲ್ಲ. ಇಬ್ಬರ ಫೋನಿನಲ್ಲೂ ಅವು ಒಂದೇ ಆಗಿರಬೇಕು. ಮೊದಲ ಐದು ನೀವು ಓದಿ, ಮುಂದಿನ ಐದು ಅವರು ಓದಲಿ.